ಆರನೆಯ ಕಲ್ಲಿನ ಕೆಳಗೆ

"ಹದಿನೇಳು" ಅಂದ ದನಿ ಹದಿನೇಳನೆಯವಳದ್ದಾಗಿರಲಿಲ್ಲ.

ಶನಿವಾರದ ಬಳಗದಲ್ಲಿ ಎಣಿಕೆಗೆ ಒಂದು ಪದ್ಧತಿಯಿತ್ತು. ಒಂಬತ್ತರಿಂದ ಹದಿನಾಲ್ಕು ವರ್ಷದ ಇಪ್ಪತ್ಮೂರು ಹುಡುಗಿಯರು ಸಾಲಾಗಿ ನಿಂತು ತಂತಮ್ಮ ಸಂಖ್ಯೆ ಕೂಗುವುದು. ಬಳಗ ನಡೆಸುವ ಅಕ್ಕ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೇಳುವುದು. ಕೊನೆಗೆ "ಇಪ್ಪತ್ನಾಲ್ಕು" ಎಂದು ತನ್ನದನ್ನೂ ಸೇರಿಸಿ ಮುಗಿಸುವುದು. "ಕಣ್ಣಲ್ಲಿ ಎಣಿಸಿದ್ರೆ ನಾನು ಕಾವಲುಗಾರ್ತಿ ಆಗ್ತೀನಿ, ನಿಮ್ಮ ಮಾತು ನಂಬಿ ಎಣಿಸಿದ್ರೆ ಅಕ್ಕ ಆಗ್ತೀನಿ" ಎನ್ನುತ್ತಿದ್ದಳು. ಆರು ವರ್ಷಗಳಿಂದ ಒಂದೇ ಒಂದು ಸಲವೂ ಆ ನಂಬಿಕೆ ಕೆಟ್ಟಿರಲಿಲ್ಲ. ಜಪಮಣಿ ಎಣಿಸುವವರಿಗೆ ಏನು ಸಿಗುತ್ತದೋ, ಅವಳಿಗೆ ಆ ಇಪ್ಪತ್ಮೂರು ದನಿಗಳಲ್ಲಿ ಅದು ಸಿಗುತ್ತಿತ್ತು.

ಇವತ್ತು ಹದಿನಾರು ಮತ್ತು ಹದಿನೇಳು ಒಂದೇ ಬಾಯಿಂದ ಬಂದವು. ಎರಡನೆಯದು ಮೂಗಿನಿಂದ ಎಳೆದ ದನಿ.

ಅಕ್ಕ ಕಣ್ಣು ತೆರೆದು ತಿರುಗಿದಳು. ಗುಡ್ಡದ ಬುಡದಲ್ಲಿ ಬಸ್ಸು, ಬಸ್ಸಿನ ಪಕ್ಕ ಸಾಲು. ಹದಿನಾರನೆಯವಳಾದ ಉದ್ದಜಡೆ ತನ್ನ ಜಡೆಯ ತುದಿಯನ್ನು ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಅವಳ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ.

"ಗುಬ್ಬಿ ಎಲ್ಲಿ?"

"ಅಕ್ಕ, ಹತ್ತೇ ನಿಮಿಷ ಅಂದ್ಲು..."

"ಗುಬ್ಬಿ ಎಲ್ಲಿ ಅಂತ ಕೇಳಿದ್ದು ನಾನು."

ಉದ್ದಜಡೆಯ ಕಣ್ಣಲ್ಲಿ ನೀರು ತುಂಬಿತು. "ಸುಣ್ಣದ ಗೂಡಿಗೆ ಹೋದ್ಲು. ಆರನೇ ಕಲ್ಲಿನ ಕೆಳಗೆ ಚೀಟಿ ಅವಳಿಗೇ ಸಿಕ್ಕಿದ್ದು ಅಕ್ಕ. ಏನೂ ಇಲ್ಲ ಅಂತ ಎಲ್ಲರಿಗೂ ಸುಳ್ಳು ಹೇಳಿದ್ಲು. ಇದು ಆಟದ ಚೀಟಿ ಅಲ್ಲ ಕಣೇ, ನಕ್ಷೆ ಸಾರ್‌ಗೆ ಬರೆದಿದ್ದು, ಕೊಟ್ಟು ಓಡಿ ಬರ್ತೀನಿ, ನನ್ನ ನಂಬರ್ ನೀನು ಹೇಳು ಅಂತ..."

 ಅಕ್ಕ, ಬೆಳಿಗ್ಗೆ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡಿದ್ದ ಲಂಗದ ಜೇಬಿಗೆ ಕೈ ಹಾಕಿದಳು. ಜೇಬು ಬರಿದಾಗಿತ್ತು.

ಹಳದಿ ಚೀಟಿಗಳು ಅವಳದೇ ಕೈಕೆಲಸ. ವಾರದ ದಿನಗಳಲ್ಲಿ ಅವಳು ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವಳು. ಉಳಿದ ಹಳದಿ ಹಾಳೆಯನ್ನು ಬಳಗದ ಆಟಕ್ಕೆಂದು ತಂದಿದ್ದಳು. ಅವಳು ಕಾಗದ ಮಡಿಸಿದರೆ ಮುಗಿಯಿತು, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ. ನಿಧಿ ಹುಡುಕುವ ಆಟಕ್ಕೆ ಆರು ಒಗಟು, ಆರು ಚೀಟಿ. ಅದೇ ಹಾಳೆಯಲ್ಲಿ, ಅದೇ ಮಡಿಕೆಯಲ್ಲಿ, ಏಳನೆಯದೊಂದು. ಅದು ಒಗಟಲ್ಲ. ಅದು ಒಬ್ಬರಿಗೆ ಕೊಡಬೇಕಾದ ಉತ್ತರ.

ಬೆಳಿಗ್ಗೆ ನಕ್ಷೆ ಸಾರ್ ಕೈಗೆ ಕೊಟ್ಟದ್ದು ಹಾಗಾದರೆ ಆರನೆಯ ಒಗಟು. ಕಲ್ಲಿನ ಕೆಳಗೆ ಇಟ್ಟದ್ದು ತನ್ನ ಮನಸ್ಸು.

"ಡ್ರೈವರ್ ಮಾಮ, ಇವರನ್ನ ಬಸ್ಸು ಹತ್ತಿಸಿ ಬಾಗಿಲು ಹಾಕ್ಕೊಳ್ಳಿ. ಯಾರೂ ಇಳೀಬಾರದು."

"ಹೋಗಿ ಬಾ ತಾಯಿ," ಎಂದ ಮಾಮ. ಅವನ ಬಾಯಲ್ಲಿ ಯಾವಾಗಲೂ ಒಂದು ತಮಾಷೆ ಇರುತ್ತಿತ್ತು. ಇವತ್ತು ಇರಲಿಲ್ಲ. "ನಾಲ್ಕೂವರೆ ಆಯ್ತು. ಹೊಂಡದ ಕಡೆ ಜೋಪಾನ."

ಹೊಂಡ. ಆ ಶಬ್ದವನ್ನು ಅವನು ಹೇಳದಿದ್ದರೆ ಚೆನ್ನಾಗಿತ್ತು.

*

ಗುಡ್ಡದಲ್ಲಿ ಹಿಂದೆ ಕಲ್ಲು ತೆಗೆದು ಬಿಟ್ಟ ಹೊಂಡವೊಂದಿತ್ತು, ನೀರು ತುಂಬಿಕೊಂಡು. ಅದರಾಚೆ, ಹಿಂದೆ ಸುಣ್ಣದ ಕಲ್ಲು ಸುಡುತ್ತಿದ್ದ, ಈಗ ಪಾಳುಬಿದ್ದ ಸುಣ್ಣದ ಗೂಡು. ಆಟದ ಕೊನೆಯ ನಿಲ್ದಾಣ ಅದೇ. ಅಲ್ಲಿ ನಿಧಿಯ ಪೆಟ್ಟಿಗೆಯ ಜೊತೆ ಅವನು ಕಾದು ಕುಳಿತಿರಬೇಕಿತ್ತು. ಹುಡುಗಿಯರು ಆರನೆಯ ಕಲ್ಲಿನ ಹತ್ತಿರ ಚೀಟಿ ಸಿಗದೆ ನಿಂತುಬಿಟ್ಟಾಗ, ಗಾಳಿಗೆ ಹಾರಿಹೋಗಿದೆ ಎಂದುಕೊಂಡು, ಹೊತ್ತಾಯಿತೆಂದು ಆಟ ನಿಲ್ಲಿಸಿ ಎಲ್ಲರನ್ನೂ ಇಳಿಸಿಕೊಂಡು ಬಂದಿದ್ದಳು ಅಕ್ಕ. ಅವನು ಎದುರಾಗದಿದ್ದರೆ ಸಾಕು ಎಂಬ ಪುಕ್ಕಲುತನವೂ ಅದರಲ್ಲಿ ಸೇರಿತ್ತು. ದೇವರ ಮುಂದೆ ಸುಳ್ಳೇಕೆ?

ಅವನು ಭೂಮಿ ಅಳೆಯುವವನು. ಎರಡು ತಿಂಗಳ ಕೆಳಗೆ ಬಳಗದ ಕೋಣೆಯ ಗೋಡೆ ಅಳೆಯಲು ಬಂದವನು, ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕು ಎಂದ. ಹಿಡಿದವಳು ಅಕ್ಕ. ಅಳತೆ ತೆಗೆದುಕೊಂಡ ಮೇಲೂ ಅವನು ತನ್ನ ತುದಿಯನ್ನು ಬಿಡಲಿಲ್ಲ, ಅವಳೂ ಬಿಡಲಿಲ್ಲ. "ಸಾರ್, ಗೋಡೆ ಬೆಳೀತಾ ಇದೆಯಾ?" ಎಂದು ಕೇಳಿ ಇಡೀ ಬಳಗವನ್ನು ನಗಿಸಿದ್ದು ಇದೇ ಗುಬ್ಬಿ.

ಆಮೇಲೆ ಪ್ರತಿ ಶನಿವಾರ ಅವನು ಬಂದ. ಹುಡುಗಿಯರಿಗೆ ದಿಕ್ಕು ನೋಡುವುದು ಕಲಿಸಿದ, ಹೆಜ್ಜೆಯಲ್ಲಿ ದೂರ ಅಳೆಯುವುದು ಕಲಿಸಿದ, ನಕ್ಷೆ ಸಾರ್ ಎಂದು ಹೆಸರು ಪಡೆದ. ಮಕ್ಕಳು ಮನೆಗೆ ಹೋದ ಮೇಲೆ ಉದ್ದನೆಯ ಮೇಜಿನ ಎರಡು ಬದಿಗೆ ಇಬ್ಬರೂ ಕುಳಿತು ಈ ಆಟವನ್ನು ಕಟ್ಟಿದರು. ಅವಳು ಒಗಟು ಬರೆಯುವಾಗ ಅವನು ಪೆನ್ಸಿಲ್ ಕೆತ್ತುತ್ತಿದ್ದ, ಕೆತ್ತುವ ಅಗತ್ಯವಿಲ್ಲದ ಪೆನ್ಸಿಲನ್ನೂ. ತಲೆಯೆತ್ತಿದರೆ ಅವನು ಕಿಟಕಿ ನೋಡುತ್ತಿರುತ್ತಿದ್ದ. ತಲೆ ತಗ್ಗಿಸಿದರೆ ಕಿಟಕಿ ಬಿಟ್ಟು ಇತ್ತ ನೋಡುತ್ತಾನೆಂದು ಅವಳ ಕೆನ್ನೆಗೆ ಗೊತ್ತಾಗುತ್ತಿತ್ತು.

ಹೋದ ವಾರ ಹೇಳಿದ: "ಇಲ್ಲಿ ಕೆಲಸ ಮುಗೀತು. ಸೋಮವಾರ ಮುಂದಿನ ಊರು. ಮೂರು ತಿಂಗಳಾದ್ಮೇಲೆ ಇನ್ನೊಂದು. ನಂದು ನಡೆಯೋ ಬದುಕು. ನನ್ನ ಜೊತೆ ಬರ್ತೀರಾ?"

ಅವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ.

"ಹೇಳೋದು ಕಷ್ಟ ಆದ್ರೆ ಬರೆದು ಕೊಡಿ. ಆಟ ಮುಗಿದ್ಮೇಲೆ ಓದ್ತೀನಿ. ಏನಿದ್ರೂ ಸರಿ, ತಿರುಗಿ ಒಂದು ಮಾತು ಕೇಳಲ್ಲ."

ಈಗ ಅವಳು ಲಂಗದ ಅಂಚು ಎತ್ತಿ ಹಿಡಿದು ಗುಡ್ಡ ಹತ್ತುತ್ತಿದ್ದಳು.  ದೇವರೇ, ನನ್ನ ಉತ್ತರ ಹಾಳಾಗಿ ಹೋಗಲಿ, ಆ ಮಗುವನ್ನು ಕಾಯಿ ಎಂದು ಹೆಜ್ಜೆಗೊಂದು ಸಲ ಬೇಡಿಕೊಂಡಳು.

*

ಆರನೆಯ ಕಲ್ಲಿನ ಹತ್ತಿರ ಯಾರೋ ಮಂಡಿಯೂರಿ ಕುಳಿತು ಮಣ್ಣು ಕೆದಕುತ್ತಿದ್ದರು.

"ಗುಬ್ಬೀ!"

ತಿರುಗಿದ್ದು ಅವನು. ಕೈಯಲ್ಲಿ ಹಳದಿ ಚೀಟಿ.

"ಯಾರೂ ಬರಲಿಲ್ಲ, ಆಟ ಮುಗೀತು ಅಂತ ಓದಿದೆ," ಎಂದ, ಎದ್ದು ನಿಲ್ಲುತ್ತ. ಮುಖದಲ್ಲಿ ಅರ್ಧ ನಗು, ಅರ್ಧ ದಿಗಿಲು. "'ಬಾಯಿ ದೊಡ್ಡದು ಮಾತಿಲ್ಲ, ಹೊಟ್ಟೆ ತುಂಬ ಬೂದಿ ಹಸಿವಿಲ್ಲ' ಅಂತಿತ್ತು. ಸುಣ್ಣದ ಗೂಡಿನ ಒಗಟು. ಸರಿಯಾದ ಚೀಟಿ ಇಲ್ಲಿರಬೇಕು ಅಂತ ಹುಡುಕ್ತಾ..."

"ಗುಬ್ಬಿ ಸಿಕ್ಲಾ ನಿಮಗೆ?"

ನಗು ಅಳಿಸಿಹೋಯಿತು. "ಯಾಕೆ?"

"ನಿಮ್ಮನ್ನ ಹುಡುಕ್ಕೊಂಡು ಗೂಡಿಗೆ ಹೋದಳಂತೆ. ಒಬ್ಬಳೇ."

"ನಾನು ಮೇಲಿನ ದಾರೀಲಿ ಬಂದೆ. ಯಾರೂ ಎದುರಾಗಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿನ ದಾರಿ ಬಿಟ್ಟರೆ ಇರುವುದು ಕೆಳಗಿನದೊಂದೇ. ಹೊಂಡದ ಅಂಚಿಗೆ ಅಂಟಿಕೊಂಡು ಹೋಗುವ ಕಾಲುದಾರಿ. ಮೇಜಿನ ಮೇಲೆ ನಕ್ಷೆ ಬರೆಯುವಾಗ ಅವಳೇ ಹಟ ಹಿಡಿದು ಅದನ್ನು ಚುಕ್ಕಿಗಳಲ್ಲಿ ಬರೆಸಿದ್ದಳು. ಚುಕ್ಕಿಯ ದಾರಿಯಲ್ಲಿ ಯಾರೂ ಹೋಗುವಂತಿಲ್ಲ. ಹೊಂಡದ ಆಳವನ್ನು ದಾರ ಇಳಿಸಿ ನೋಡಿದವನು ಅವನು: ಮೂರಾಳು.

"ಚುಕ್ಕಿ ದಾರಿಗೆ ಅವಳು ಹೋಗಲ್ಲ," ಎಂದ ಅವನು. "ನಿಯಮ ಗೊತ್ತು ಅವಳಿಗೆ."

"ಹತ್ತು ನಿಮಿಷದಲ್ಲಿ ಬರ್ತೀನಿ ಅಂದಿದ್ದಾಳೆ. ಮೇಲಿನ ದಾರಿಗೆ ಇಪ್ಪತ್ತು ಬೇಕು. ಲೆಕ್ಕ ಕಲಿಸಿದ್ದು ನೀವೇ."

ಅವನು ಆಗಲೇ ಕೆಳಗಿನ ದಾರಿಗೆ ಹೊರಳಿದ್ದ. ಮುಂದೆ ಇಳಿದು ಕೈ ಚಾಚಿದ. ಎರಡು ತಿಂಗಳು ಮೇಜಿನ ಆಚೆ ಈಚೆ ಕುಳಿತ ಕೈಗಳು ಮೊದಲ ಸಲ ಹಿಡಿದುಕೊಂಡವು. ಹಿಡಿದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಹೊಂಡದ ನೀರು ಹಸಿರಾಗಿ, ಅಲುಗಾಡದೆ ಬಿದ್ದಿತ್ತು. ಅಂಚಿನ ಕೆಸರಿನಲ್ಲಿ ಒಂದು ಪುಟ್ಟ ಬೂಟಿನ ಗುರುತು. ಅದರ ಮುಂದೆ ಇನ್ನೊಂದು. ಮೂರನೆಯದು ಇರಲಿಲ್ಲ. ಅದರ ಜಾಗದಲ್ಲಿ ನೀರಿನ ಕಡೆಗೆ ಜಾರಿದ ಉದ್ದನೆಯ ಗೀರು.

 ಅಕ್ಕ ನೀರಿಗೆ ಇಳಿಯಲು ಹೋದಳು. ಅವನು ಗಟ್ಟಿಯಾಗಿ ಹಿಡಿದುಕೊಂಡ.

"ಬಿಡಿ ನನ್ನ!"

"ಒಂದು ನಿಮಿಷ. ದಾರಿ ತಪ್ಪಿದ್ರೆ, ಹೆದರಿದ್ರೆ ಏನು ಮಾಡಿ ಅಂತ ಹೇಳಿಕೊಟ್ಟಿದ್ದೀರಿ ಅವರಿಗೆ?"

"ನಿಂತಲ್ಲೇ ನಿಂತು... ಮೂರು ಸಲ ಸೀಟಿ ಊದಿ ಅಂತ."

"ಹಾಗಾದ್ರೆ ಕೇಳಿ. ನೀವು ಕೇಳಿ ಎಣಿಸೋರಲ್ವಾ? ಕಣ್ಣು ಮುಚ್ಚಿ ಕೇಳಿ."

ಅವಳು ಕಣ್ಣು ಮುಚ್ಚಿದಳು. ಮೈಯೆಲ್ಲ ಕಿವಿಯಾಯಿತು. ಹುಲ್ಲಿನ ಸದ್ದು. ಅವನ ಉಸಿರು. ತನ್ನ ಎದೆಬಡಿತ. ಗಾಳಿ ಬಿದ್ದಿತು. ಆಮೇಲೆ, ತುಂಬ ಸಣ್ಣಗೆ, ಹೊಂಡದಾಚೆಯಿಂದ:

ಒಂದು.

ಎರಡು.

ಅವಳು ಅವನ ತೋಳನ್ನು ಹಿಂಡಿದಳು.

ಮೂರು.

*

ಗುಬ್ಬಿ ಸುಣ್ಣದ ಗೂಡಿನ ಮೋಟು ಗೋಡೆಯ ಮೇಲೆ ಕುಳಿತಿದ್ದಳು. ಮಂಡಿ ತರಚಿತ್ತು, ಬೂಟು ಕೆಸರಾಗಿತ್ತು, ಬಾಯಲ್ಲಿ ಸೀಟಿ, ಮುಷ್ಟಿಯಲ್ಲಿ ಹಳದಿ ಚೀಟಿ. ಅಕ್ಕ ಓಡಿಹೋಗಿ ಅವಳನ್ನು ಅಪ್ಪಿಕೊಂಡಳು, ಆಮೇಲೆ ಬೆನ್ನಿಗೆ ಒಂದು ಕೊಟ್ಟಳು, ಮತ್ತೆ ಅಪ್ಪಿಕೊಂಡಳು.

"ಪ್ರಾಣ ತೆಗೀತೀಯಲ್ಲೇ! ಚುಕ್ಕಿ ದಾರೀಲಿ ಯಾಕೆ ಬಂದೆ?"

"ಕಾಲು ಜಾರಿತು ಅಕ್ಕ. ಪೊದೆ ಹಿಡ್ಕೊಂಡೆ. ಇಲ್ಲಿ ಬಂದ್ರೆ ಸಾರ್ ಇರಲಿಲ್ಲ. ಮತ್ತೆ ಅದೇ ದಾರೀಲಿ ಹೋಗೋಕೆ ಭಯ ಆಯ್ತು. ಅದಕ್ಕೇ ನಿಂತಲ್ಲೇ ನಿಂತೆ." ಅವಳ ತುಟಿ ಅದುರಿತು. "ನಾನು ಇದನ್ನ ಓದಿಬಿಟ್ಟೆ. ಮೊದಲು ಒಗಟು ಅಂದ್ಕೊಂಡೆ. ತಪ್ಪಾಯ್ತು."

ಅವಳು ಚೀಟಿಯನ್ನು ಅವನತ್ತ ನೀಡಿದಳು. ಅವನು ತೆಗೆದುಕೊಂಡ. ಬಿಚ್ಚಲಿಲ್ಲ. ಹಾಗೆಯೇ ಅಕ್ಕನ ಮುಂದೆ ಹಿಡಿದ.

"ಇದು ದಾರಿ ತಪ್ಪಿ ಬಂದದ್ದು. ಕೊಡೋದಾದ್ರೆ ನಿಮ್ಮ ಕೈಯಾರೆ ಕೊಡಿ. ಇಲ್ಲಾಂದ್ರೆ ನಾನು ನೋಡಿಲ್ಲ."

ಅಕ್ಕ ಅದನ್ನು ಇಸಿದುಕೊಂಡಳು.  ಏನು ಬರೆದಿದ್ದಾಳೆಂದು ಅವಳಿಗೆ ಬಾಯಿಪಾಠ: ಶನಿವಾರ ಬಾಗಿಲು ತೆರೆಯದಿದ್ದರೆ ಈ ಮಕ್ಕಳು ಮೆಟ್ಟಿಲ ಮೇಲೆ ಕಾಯುತ್ತವೆ, ಬರಲಾರೆ, ಕ್ಷಮಿಸಿ. ಇದನ್ನು ಕೊಟ್ಟರೆ ಸೋಮವಾರ ಅವನು ಹೊರಡುತ್ತಾನೆ, ತಿರುಗಿ ಒಂದು ಮಾತು ಕೇಳುವುದಿಲ್ಲ. ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ.

"ಬರಲ್ಲ ಅಂತ ಬರೆದಿದ್ದಾರೆ ಸಾರ್," ಎಂದಳು ಗುಬ್ಬಿ.

"ಗುಬ್ಬೀ!"

"ಆದ್ರೆ ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದಾರೆ. ನಾವು ಹಾಗೆ ಬರೆದ್ರೆ, 'ನಿಂಗೇ ಉತ್ತರ ಸರಿ ಅನ್ನಿಸ್ತಿಲ್ಲ, ಮತ್ತೆ ಯೋಚನೆ ಮಾಡು' ಅಂತಾರೆ ಅಕ್ಕ." ಅವಳು ಮೂಗು ಒರೆಸಿಕೊಂಡಳು. "ಅದನ್ನೇ ನಿಮಗೆ ಹೇಳೋಕೆ ಬಂದೆ. ಅಕ್ಕ ಬರಲ್ಲ ಅಂದ್ರೆ ನೀವೇ ಇಲ್ಲಿರಬಹುದಲ್ವಾ?"

ಅವನು ತನ್ನ ಖಾಲಿ ಅಂಗೈಯನ್ನು ನೋಡಿಕೊಂಡ. ಊರೂರು ಅಳೆದವನು, ಅಂಗೈಯಲ್ಲಿದ್ದ ಅಳತೆಯನ್ನೇ ತಪ್ಪಿದವನ ಹಾಗೆ.

"ಅದನ್ನ ನಾನು ಕೇಳಲೇ ಇಲ್ಲ," ಎಂದ ಮೆಲ್ಲಗೆ. "ಬರ್ತೀರಾ ಅಂತ ಕೇಳಿದೆ. ಇರಲಾ ಅಂತ ಕೇಳಬೇಕು ಅಂತ ಹೊಳೀಲೇ ಇಲ್ಲ."

"ನಿಮ್ಮದು ನಡೆಯೋ ಬದುಕು," ಎಂದಳು ಅಕ್ಕ.  "ಅದನ್ನ ಬಿಡಿಸಿದ ಪಾಪ ನನಗೆ ಬೇಡ. ನಾಳೆ ಇಲ್ಲಿ ಕೂತು ಮನಸ್ಸು ಕಹಿಯಾದ್ರೆ?"

"ಊರ ಕಚೇರೀಲಿ ನಕ್ಷೆ ತಿದ್ದೋ ಮೇಜು ಒಂದು ವರ್ಷದಿಂದ ಖಾಲಿ ಬಿದ್ದಿದೆ. ಕೂತು ಮಾಡೋ ಕೆಲಸ ಅಂತ ನಮ್ಮಲ್ಲಿ ಯಾರೂ ಒಪ್ಪಲ್ಲ. ನಾನೂ ಎರಡು ಸಲ ಬೇಡ ಅಂದಿದ್ದೆ." ಅವನು ಈಗ ಕಿಟಕಿ ಹುಡುಕಲಿಲ್ಲ, ನೇರ ಅವಳ ಕಣ್ಣನ್ನೇ ನೋಡಿದ. "ಇವತ್ತು ಆ ಹೊಂಡದ ಹತ್ರ ನೀವು ಕಣ್ಣು ಮುಚ್ಚಿ ನಿಂತಿದ್ರಲ್ಲ, ಆಗಲೇ ಗೊತ್ತಾಯ್ತು. ನಾನಿನ್ನು ಎಲ್ಲಿಗೆ ನಡೆದ್ರೂ ಅದು ಸುಮ್ಮನೆ ತಿರುಗಾಟ. ಕಹಿಯಾದ್ರೆ ಶನಿವಾರ ನಡೀತೀನಿ, ಇಪ್ಪತ್ಮೂರು ಜನರ ಜೊತೆ. ಈಗ ಕೇಳ್ತಿದ್ದೀನಿ. ಇರಲಾ?"

ಅಕ್ಕ ಚೀಟಿಯನ್ನು ಎರಡಾಗಿ ಹರಿದಳು, ನಾಲ್ಕಾಗಿ ಹರಿದಳು. ಅವಳು ಹರಿದ ಚೂರುಗಳೂ ಒಂದರಂತೆ ಒಂದಿದ್ದವು. ಬಾಯಿ ತೆರೆದಳು. ಈ ಸಲವೂ ಮಾತು ಬರಲಿಲ್ಲ.

"ಅಕ್ಕ," ಎಂದಳು ಗುಬ್ಬಿ, "ಬಸ್ಸು ಹೋಗಿಬಿಡುತ್ತೆ."

"ಮೇಲಿನ ದಾರೀಲಿ ನಡಿ," ಎಂದಳು ಅಕ್ಕ. ಅಷ್ಟೇ ಹೇಳಿದ್ದು.

*

ಬಸ್ಸಿನ ಹತ್ತಿರ ಡ್ರೈವರ್ ಮಾಮ ಅತ್ತಿತ್ತ ಶತಪಥ ಹಾಕುತ್ತಿದ್ದ. ಗುಬ್ಬಿಯನ್ನು ಕಂಡು ಆಕಾಶಕ್ಕೆ ಕೈ ಮುಗಿದ. ಆಮೇಲೆ ಹಿಂದೆ ಬರುತ್ತಿದ್ದವನನ್ನು ಕಂಡ. "ಒಬ್ಬಳನ್ನ ತರೋಕೆ ಹೋಗಿ ಇಬ್ಬರನ್ನ ತಂದ್ಯಲ್ಲ ತಾಯಿ," ಎಂದ. ಅವನ ತಮಾಷೆ ಮರಳಿ ಬಂದಿತ್ತು.

ಉದ್ದಜಡೆ ಅಳುತ್ತ ಬಂದು ಅಕ್ಕನ ಸೊಂಟ ಹಿಡಿದುಕೊಂಡಳು. "ಇನ್ನೆಂದೂ ಎರಡು ನಂಬರ್ ಹೇಳಲ್ಲ ಅಕ್ಕ."

"ಗೊತ್ತು. ನಿಂತ್ಕೊ ನಿನ್ನ ಜಾಗದಲ್ಲಿ."

ಸಾಲು ನಿಂತಿತು. ಅಕ್ಕ ಇವತ್ತು ಕಣ್ಣು ಬಿಟ್ಟೇ ಎಣಿಸುತ್ತಾಳೆಂದು ಎಲ್ಲರೂ ತಲೆ ತಗ್ಗಿಸಿದರು. ಅವಳು ಅವರನ್ನು ಒಂದು ಗಳಿಗೆ ನೋಡಿದಳು. ಬೆನ್ನು ತಿರುಗಿಸಿದಳು. ಕಣ್ಣು ಮುಚ್ಚಿದಳು.

ಒಂದು, ಎರಡು, ಮೂರು. ಹದಿನಾರು, ಬಿಕ್ಕಳಿಕೆಯ ಜೊತೆ. ಹದಿನೇಳು, ಗುಬ್ಬಿಯದೇ ದನಿ, ಸೀಟಿಯಷ್ಟು ಚೂಪು. ಇಪ್ಪತ್ಮೂರು.

"ಇಪ್ಪತ್ನಾಲ್ಕು," ಎಂದಳು ಅಕ್ಕ.

ಸಾಲು ಚದುರಲಿಲ್ಲ. ಹುಡುಗಿಯರು ಉಸಿರು ಬಿಗಿಹಿಡಿದು ನಿಂತಿರುವುದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು. ಸಾಲಿನ ತುದಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಇಪ್ಪತ್ತೈದು."

ಅವಳು ಕಣ್ಣು ತೆರೆಯಲಿಲ್ಲ. ಆ ದನಿ ನೆಲಕ್ಕಿಳಿದು ಕೂರುವವರೆಗೆ ಕೇಳಿದಳು. ಏಳು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ತಾನಾಗಿ ಬಂದಿತು.

"ಮಾಮ, ಬಸ್ಸು ಹೊರಡಿಸಿ," ಎಂದಳು. "ಎಲ್ಲರೂ ಇದ್ದಾರೆ."