ಟ್ಯಾಂಕಿನ ಹತ್ತಿರ ಕೈ ಎತ್ತು

ಮೂರನೇ ಹಾಡು ಮುಗಿದು ನಾಲ್ಕನೆಯದು ಶುರುವಾಗುವ ಮೊದಲು ಕಿವಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

“ಈಗ ನೀನು ನೀರಿನ ಟ್ಯಾಂಕ್ ಹತ್ತಿರ ಬಂದಿದ್ದೀಯ, ಅಲ್ವಾ?”

ನಾನು ಮೈದಾನದ ಮೂಲೆಯ ಟ್ಯಾಂಕಿನ ಹತ್ತಿರವೇ ಇದ್ದೆ. ಕಾಲು ನೆಲಕ್ಕೆ ಅಂಟಿಕೊಂಡಿತು.

“ನಿಲ್ಲಬೇಡ, ಓಡು. ದಿನಾ ಕಿಟಕಿಯಿಂದ ನೋಡಿ ಲೆಕ್ಕ ಹಾಕಿದೀನಿ. ಮೂರು ಹಾಡಿಗೆ ಸರಿಯಾಗಿ ಎರಡು ಸುತ್ತು. ಬಲಗೈ ಮಾತ್ರ ಸ್ವಲ್ಪ ಜಾಸ್ತಿ ಬೀಸ್ತೀಯ. ಯಾರಿಗೋ ಹೊಡೆಯೋಕೆ ಹೊರಟವಳ ಥರ.”

ಒಂದು ನಗು. ಆಮೇಲೆ ಹಾಡು.

ದನಿ ಯಾರದೆಂದು ತಿಳಿಯಲು ತಡವಾಗಲಿಲ್ಲ. ಟ್ಯಾಂಕಿನ ಎದುರು, ರಸ್ತೆಯಾಚೆ, ಮೊಬೈಲ್ ರಿಪೇರಿ ಅಂಗಡಿ. ಅದರ ಮೇಲಿನ ಕೋಣೆಯಲ್ಲೇ ರಿಪೇರಿಯವನ ವಾಸ. ನನ್ನ ಹಳೆಯ ಫೋನಿನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವವನು ಅವನೇ. ಈ ಸಲ ಹಾಡುಗಳ ನಡುವೆ ತನ್ನ ಮಾತನ್ನೂ ರೆಕಾರ್ಡ್ ಮಾಡಿದ್ದ. ಕಾರ್ಡ್ ಒಯ್ದು ತರುವವಳು ಅಕ್ಕ. ಅವಳು ರಿಸೆಪ್ಷನಿಸ್ಟ್ ಆಗಿರುವ ಹಲ್ಲಿನ ಕ್ಲಿನಿಕ್ ಅವನ ಪಕ್ಕದಲ್ಲೇ ಇದೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತೇನೆ. ‘ನಿನಗೆ ಊರ ಜನವೆಲ್ಲ ಸೊಂಟದಿಂದ ಕೆಳಗೆ ಮಾತ್ರ ಪರಿಚಯ’ ಎಂದು ಅಕ್ಕ ನಗುತ್ತಾಳೆ. ನನ್ನ ಬಲಗೈಯನ್ನು ಗಮನಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಪ್ರತಿ ಶನಿವಾರ ಕಾರ್ಡ್ ಹೋಯಿತು. ಪ್ರತಿ ಭಾನುವಾರ ಹೊಸ ಮಾತು ಬಂತು.

“ಬುಧವಾರ ಬರಲೇ ಇಲ್ಲ ನೀನು. ಬಾಯಲ್ಲಿ ಬ್ರಷ್ ಇಟ್ಕೊಂಡು ಅರ್ಧ ಗಂಟೆ ಕಾದೆ. ನೊರೆ ಎಲ್ಲ ನುಂಗಿದೆ, ನಿನ್ನ ದಯೆ.”

“ಆ ಜಾಕೆಟ್ ಟೋಪಿ ತೆಗೆದು ಓಡಬಾರದಾ? ಚಳಿಯಾ, ನಾಚಿಕೆಯಾ?”

ಅಕ್ಕನ ಹಳೆಯ ಜಾಕೆಟ್ಟು ಅದು. ‘ನಾಚಿಕೆ’ ಎಂದೆ, ಗಾಳಿಗೆ. ಕಿಟಕಿಯ ಕಡೆ ತಲೆ ಎತ್ತುವ ಧೈರ್ಯ ಮಾತ್ರ ಬರಲಿಲ್ಲ.

“ಏನೇ ಮೌನಗೌರಿ, ಸೂಜಿ ನೋಡ್ಕೊಂಡು ನಗ್ತಿದ್ದೀಯ?” ಎಂದಳು ಅಕ್ಕ.

“ಏನಿಲ್ಲ, ಹೋಗೇ.”

ಮುಂದಿನ ಶನಿವಾರ ಅಕ್ಕ ಕೆಲಸಕ್ಕೆ ರಜೆ ಹಾಕಿದಳು. ಕಾರ್ಡ್ ಹಿಡಿದು ನಾನೇ ಹೋದೆ. ಎರಡು ಸಲ ಅಂಗಡಿ ದಾಟಿ, ಮೂರನೆಯ ಸಲ ಅದರ ಮೆಟ್ಟಿಲು ಹತ್ತಿದೆ. ಅವನು ಯಾವುದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ. ಕಾರ್ಡ್ ಇಟ್ಟೆ. ಅದನ್ನು ಕಂಡದ್ದೇ ಅವನ ಮುಖ ಅರಳಿತು. ಆ ಅರಳಿದ ಮುಖ ನನ್ನನ್ನು ದಾಟಿ ಬಾಗಿಲಿಗೆ ಹೋಯಿತು.

“ಅವರು ಬರಲಿಲ್ವಾ?”

“ಯಾರು?”

“ನಿಮ್ಮಕ್ಕ. ನೀವು ಟೈಲರ್ ಅಂಗಡಿಯಲ್ಲಿರೋ ತಂಗಿ ಅಲ್ವಾ?” ಅದೇ ದನಿ. ನನಗೆ ‘ನೀವು’ ಎನ್ನುತ್ತಿತ್ತು. “ಒಂದು ಮಾತು ಕೇಳಲಾ? ಬೆಳಿಗ್ಗೆ ಓಡಿ ಬಂದ ಮೇಲೆ ಹಾಡಿನ ಬಗ್ಗೆ ಏನಾದ್ರೂ ಅಂತಾರಾ ಅವರು?”

ಅಕ್ಕ ಮೊದಲ ದಿನ ಅವನಿಗೆ ಹೇಳಿದ್ದನ್ನು ನನಗೂ ಹೇಳಿದ್ದಳು: ‘ಓಡುವಾಗ ಕೇಳೋಕೆ ಒಳ್ಳೆ ಹಾಡು ಹಾಕಿಕೊಡಿ.’ ಅಷ್ಟೇ. ಓಡುವುದು ಯಾರೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ನಮ್ಮ ಮಾತಿನಲ್ಲಿ ‘ಓಡುವಾಗ’ ಎನ್ನಲು ಓಡುವವರ ಹೆಸರೇ ಬೇಡ.

“ನೀವು ಓಡಲ್ವಾ?”

“ಇಲ್ಲ,” ಎಂದುಬಿಟ್ಟೆ.

ಅವನು ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ, ಮೇಲಿನಿಂದ ಕೆಳಗೆ. “ಎಲ್ಲರ ಮೈಗೂ ಒಗ್ಗಲ್ಲ ಬಿಡಿ. ನಿಮ್ಮಕ್ಕ ಓಡೋದು ನೋಡ್ಬೇಕು ನೀವು!”

ಕಾರ್ಡ್ ಹಿಡಿದು ಮೇಲಿನ ಕೋಣೆಗೆ ಹೋದವನು ಕಿವಿ ಕೆಂಪಗೆ ಮಾಡಿಕೊಂಡು ಇಳಿದು ಬಂದ.

“ನೇರ ಅವರ ಕೈಗೇ ಕೊಡಿ. ನೀವು ಕೇಳಬಾರದು, ಆಯ್ತಾ?”

ಭಾನುವಾರ ಹೋಗಬಾರದು ಎಂದುಕೊಂಡೇ ಶೂ ಹಾಕಿದೆ. ಮೂರು ಹಾಡು, ಎರಡು ಸುತ್ತು, ಟ್ಯಾಂಕು.

“ಇವತ್ತು ತಮಾಷೆ ಮಾಡಲ್ಲ. ನಂಗೆ ನೀನು ಬೇಕು. ಒಪ್ಪಿಗೆ ಇದ್ರೆ ಇಲ್ಲೇ ನಿಂತು ಕೈ ಎತ್ತು. ಇಲ್ಲಾಂದ್ರೆ ಓಡ್ತಾ ಇರು. ಮತ್ತೆ ಕಾಡಲ್ಲ.”

ಓಡಬಹುದಿತ್ತು. ಅಕ್ಕನ ಹೆಸರಿನಲ್ಲಿ ಇಲ್ಲವೆಂದು ಹೇಳಿ ಅಲ್ಲಿಗೇ ಮುಗಿಸಬಹುದಿತ್ತು. ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಟೋಪಿಯೊಳಗೇ ಉಳಿದು ಕೈ ಎತ್ತಿದ್ದರೆ ಒಂದು ನಿಮಿಷದ ಮಟ್ಟಿಗಾದರೂ ಅವನ ಸಂತೋಷ ನನ್ನದಾಗುತ್ತಿತ್ತು.

ನಿಂತೆ. ಟೋಪಿ ಸರಿಸಿದೆ. ಕೈ ಎತ್ತಿ, ಮೊದಲ ಸಲ ಕಿಟಕಿಯನ್ನು ನೋಡಿದೆ.

ಎರಡೂ ಕೈ ಬೀಸುತ್ತಿದ್ದವನು ನಿಧಾನವಾದ. ಕತ್ತು ಉದ್ದ ಮಾಡಿ ನನ್ನ ಹಿಂದೆ ಹುಡುಕಿದ. ಹಿಂದೆ ಟ್ಯಾಂಕಿನ ಕಂಬಗಳಿದ್ದವು.

“ಅಕ್ಕ ಎಲ್ಲಿ?” ಎಂದು ಕೂಗಿದ.

ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಓಗೊಡಲೂ ಹೆದರುತ್ತಿದ್ದವಳು ನಾನು. ಮೈದಾನಕ್ಕೆಲ್ಲ ಕೇಳುವಂತೆ ಕೂಗಿದೆ.

“ಅಕ್ಕ ಓಡಲ್ಲ! ಬಸ್ಸಿನ ಹಿಂದೆ ಕೂಡ ಓಡಲ್ಲ! ದಿನಾ ಓಡಿದ್ದು ನಾನು. ಬುಧವಾರ ಬರದೇ ಇದ್ದದ್ದೂ ನಾನೇ!”

ಕಿವಿಯಲ್ಲಿ ಅವನ ಮಾತು ಇನ್ನೂ ಮುಗಿದಿರಲಿಲ್ಲ.

“ಎತ್ತಿದೀಯಾ? ಎತ್ತಿರ್ತೀಯ, ನಂಗೊತ್ತು. ಹಾಗೇ ಇರು. ಒಂದು ನಿಮಿಷ ಕಣ್ತುಂಬ ನೋಡ್ಕೋತೀನಿ.”

ಅವನು ಕಿಟಕಿಯ ಒಂದು ಬಾಗಿಲು ಎಳೆದುಕೊಂಡ. ಆಮೇಲೆ ಇನ್ನೊಂದು.

“ಕೈ ಇಳಿಸಬೇಡ,” ಎಂದಿತು ದನಿ, ನಗುತ್ತಾ.

ಹಾಡು ಶುರುವಾಗುವ ತನಕ ನಾನು ಇಳಿಸಲಿಲ್ಲ.