ಅಚ್ಚುಕಟ್ಟಾದ ತಪ್ಪು

ಹದಿನಾಲ್ಕನೇ ಸಲವೂ ಮೌನಿ ಅದೇ ಜಾಗದಲ್ಲಿ ಎಡವಿದ.

ಅಕ್ಕ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದಳು. “ಲೋ, ನಿನ್ನ ಕೈಗೇನಾಗಿದೆಯೋ? ಎಂಟು ಹಾಡು ಹೂವೆತ್ತಿದ ಹಾಗೆ ಬಾರಿಸಿದೆ. ಈ ಒಂಬತ್ತನೆಯದಕ್ಕೆ ಮೂರು ದಿನದಿಂದ ನನ್ನ ಪ್ರಾಣ ತಿಂತಿದ್ದೀಯಲ್ಲ!”

ಮೌನಿ ತಲೆ ತಗ್ಗಿಸಿದ. ಆ ಹೆಸರಿಟ್ಟವಳೂ ಅಕ್ಕನೇ. ಹೆವಿ ಮೆಟಲ್ ಬ್ಯಾಂಡಿನಲ್ಲಿ ಗೋಡೆ ಅದುರುವ ಹಾಗೆ ಡ್ರಮ್ಸ್ ಬಾರಿಸುವ ತಮ್ಮನಿಗೆ ನಾಲ್ಕು ಮಾತಾಡುವುದೆಂದರೆ ಬೆಟ್ಟ ಹತ್ತಿದಷ್ಟು ಕಷ್ಟ.

ಆಗ ಹೆಡ್‌ಫೋನಿನಲ್ಲಿ ಆ ದನಿ ಬಂತು. “ಪರವಾಗಿಲ್ಲ. ನೀರು ಕುಡೀರಿ. ಇನ್ನೊಂದು ಸಲ ನೋಡೋಣ.”

ಗಾಜಿನ ಆಚೆ ಕೂತ ಸೌಂಡ್ ಎಂಜಿನಿಯರ್ ಹುಡುಗಿಯದು. ಮುಖ ಹತ್ತು ಅಡಿ ದೂರ. ದನಿ ಮಾತ್ರ ಕಿವಿಗೆ ಉಸಿರು ತಾಗುವಷ್ಟು ಹತ್ತಿರ. ಇಷ್ಟನ್ನು ಕೇಳುವುದಕ್ಕಾಗಿಯೇ ಅವನು ಬೇಕೆಂದೇ ತಪ್ಪುತ್ತಿದ್ದ. ಇದು ಆಲ್ಬಮ್ಮಿನ ಕೊನೆಯ ಹಾಡು. ಮುಗಿದರೆ ಈ ಕೋಣೆಗೆ ಮತ್ತೆ ಬರಲು ಅವನಿಗೊಂದು ನೆಪವೂ ಉಳಿಯುವುದಿಲ್ಲ.

“ಕೇಳಿಲ್ಲಿ,” ಅಕ್ಕ ಗಿಟಾರ್ ಇಳಿಸಿದಳು. “ಐದಕ್ಕೆ ಸ್ಟುಡಿಯೋ ಬಿಡಬೇಕು. ಕಾಫಿ ತರ್ತೀನಿ. ಬಂದಮೇಲೂ ಇದೇ ರಾಗ ಆದ್ರೆ, ಈ ಹಾಡಿಗೆ ಕಂಪ್ಯೂಟರ್ ಡ್ರಮ್ಸೇ ಹಾಕಿಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬೇಡ.”

ಬಾಗಿಲು ಮುಚ್ಚಿತು. ಕಂಪ್ಯೂಟರ್ ಡ್ರಮ್ಸೇ? ಎರಡು ವರ್ಷ ಅವನ ಮೊಣಕಾಲಲ್ಲಿ, ಬೆರಳಲ್ಲಿ ಬೆಳೆದ ತಾಳ ಅದು.

“ಸ್ವಲ್ಪ ಇಲ್ಲಿಗೆ ಬರ್ತೀರಾ?” ಹೆಡ್‌ಫೋನ್ ಕರೆಯಿತು.

ಮೌನಿ ಗಾಜಿನಾಚೆಗೆ ಹೋದ. ಅವಳು ಹದಿನಾಲ್ಕು ಟೇಕುಗಳ ಧ್ವನಿಯಲೆಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಜೋಡಿಸಿಟ್ಟಿದ್ದಳು. ಅವನು ಬಿಟ್ಟ ಏಟಿನ ಜಾಗ ಪ್ರತಿ ಸಾಲಿನಲ್ಲೂ ಖಾಲಿ. ಸ್ಕೇಲಿಟ್ಟು ಗೆರೆ ಎಳೆದಂತೆ ಮೇಲಿಂದ ಕೆಳಗೆ ನೇರ.

“ನಿಜವಾಗಿ ತಪ್ಪೋರು ಅಲ್ಲೊಂದ್ಸಲ ಇಲ್ಲೊಂದ್ಸಲ ತಪ್ತಾರೆ,” ಅಂದಳು, ನಗು ತಡೆಯುತ್ತಾ. “ನಿಮ್ಮದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡೋರನ್ನ ನಾನು ನೋಡೇ ಇಲ್ಲ.”

ಅವನ ಕಿವಿ ಕೆಂಪಾಯಿತು. “ಯಾವಾಗ ಗೊತ್ತಾಯ್ತು?”

“ಮೊನ್ನೇನೇ. ನಾಲ್ಕನೇ ಟೇಕಿಗೆ.”

“ಮತ್ತೆ... ಯಾಕೆ ಹೇಳಲಿಲ್ಲ?”

ಅವಳ ನೋಟ ಪರದೆಯಿಂದ ಅವನ ಕೈಗೆ, ಕೈಯಿಂದ ಮುಖಕ್ಕೆ ಬಂತು. ಅಲ್ಲಿ ನಿಲ್ಲಲಾರದೆ ಮತ್ತೆ ಪರದೆಗೆ ಓಡಿತು. “ಒಂದು ಏಟು ತಾನೇ? ಬೇರೆ ಕಡೆಯಿಂದ ತಂದು ಅಂಟಿಸೋಕೆ ನನಗೆ ಎರಡು ನಿಮಿಷ ಸಾಕಿತ್ತು.” ಮೌಸನ್ನು ಸುಮ್ಮನೆ ಎತ್ತಿ ಇಟ್ಟಳು. “ಅಂಟಿಸಲಿಲ್ಲ.”

ಕೋಣೆ ನಿಶ್ಶಬ್ದವಾಯಿತು. ಇಲ್ಲಿಯವರೆಗೆ ಅವನ ಮೌನದಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಇದರಲ್ಲಿ ಇಬ್ಬರು ಆರಾಮಾಗಿ ಕೂರಬಹುದಿತ್ತು.

“ಹೋಗಿ, ಸರಿಯಾಗಿ ಬಾರಿಸಿ,” ಅಂದಳು ಮೆಲ್ಲಗೆ. “ಆಮೇಲೆ ಏನಿದ್ದರೂ ಬಾಯಲ್ಲಿ ಹೇಳಿ.”

ಅಕ್ಕ ಬಂದಳು, ಗಿಟಾರ್ ಏರಿಸಿದಳು. ಹಾಡು ಕಟ್ಟೆಯೊಡೆದ ನೀರಿನಂತೆ ನುಗ್ಗಿತು. ಆ ಜಾಗ ಬಂತು. ಎರಡು ಕಾಲು, ಎರಡು ಕೈ ಒಟ್ಟಿಗೆ ಬಿದ್ದವು. ಕೊನೆಗೆ ಸಿಂಬಲ್ ತಟ್ಟೆಯ ಮೇಲೊಂದು ಏಟು. ಅದರ ಗುಂಯ್‌ಗುಡುವಿಕೆ ಪೂರ್ತಿ ಅಡಗುವವರೆಗೆ ಯಾರೂ ಮಿಸುಕುವಂತಿಲ್ಲ. ಅಕ್ಕ ಉಸಿರು ಹಿಡಿದಳು. ಗಾಜಿನಾಚೆಯ ಕಣ್ಣುಗಳು ಈಗ ಎಲ್ಲಿಗೂ ಓಡಲಿಲ್ಲ.

“ಬಂತಲ್ಲೋ!” ಸದ್ದು ಅಡಗಿದ್ದೇ ತಡ, ಅಕ್ಕ ಕುಣಿದಳು. “ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?”

ಮೌನಿ ಹೆಡ್‌ಫೋನ್ ತೆಗೆದಿಟ್ಟ. “ಬೇಕಂತಲೇ ತಪ್ಪಿದೆ ಅಕ್ಕಾ. ಇವರನ್ನ ಬಿಟ್ಟು ಹೋಗೋಕೆ ಮನಸ್ಸಿರಲಿಲ್ಲ.” ಎದುರಿನ ಮೈಕಿನ ಕಡೆ ಬಾಗಿದ. “ನಾಳೆ ಬರಬಹುದಾ? ಕೆಲಸ ಏನಿಲ್ಲ. ಸುಮ್ಮನೆ.”

“ಅಯ್ಯೋ ಪುಣ್ಯಾತ್ಮ! ಮೊನ್ನೇನೇ ಹೇಳಿದ್ರೆ ನನ್ನ ಬೆರಳಾದ್ರೂ ಉಳೀತಿತ್ತಲ್ಲೋ!” ಎಂದ ಅಕ್ಕ ತಟ್ಟನೆ ತನ್ನ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮೌನಿ ತನ್ನದನ್ನು ತೆಗೆದಿಟ್ಟಿದ್ದರಿಂದ ಉತ್ತರ ಬಂದದ್ದು ಅವಳೊಬ್ಬಳಿಗೇ. ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು.

“ಹನ್ನೊಂದಕ್ಕೆ ಬರಬೇಕಂತೆ ಕಣೋ.”

“ಅಷ್ಟೇನಾ?”

“ಇನ್ನೂ ಒಂದು ಮಾತು ಅಂದ್ಲು. ಅದನ್ನ ನಾನು ಹೇಳಲ್ಲಪ್ಪ. ನೀನೇ ಹೋಗಿ ಕೇಳಿಸ್ಕೋ.”

ಮೌನಿ ಎದ್ದ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅದು ಆಚೆಯಿಂದಲೇ ತೆರೆಯಿತು.