ಮಡಚದ ಚಾಟಿ

"ಈ ಮರದ ಮೇಲಿರೋ ಯಾವುದನ್ನೂ ಮುಟ್ಟಬೇಡ, ಬಾಲಂ. ಬಂದೋರು ತಮ್ಮ ಕಾಯಿಲೇನ ಬಟ್ಟೆಗಿಳಿಸಿ ಇಲ್ಲಿ ಕಟ್ಟಿ ಹೋಗಿದಾರೆ. ಯಾರು ಕೈಗೆ ತಗೋತಾರೋ ಅವರದಾಗುತ್ತೆ."

ಬಿಸಿನೀರಿನ ಬುಗ್ಗೆ ಕಾಯುವ ಮುದುಕಿ ಶಾಯಿರ್ಕುಲ್ ಬಂದವನನ್ನು ಮಗುವೆಂದು ಕರೆದು ಹೀಗೆಂದಾಗ ಮೆದೆರ್ ಇನ್ನೂ ಕುದುರೆಯಿಂದ ಇಳಿದಿರಲಿಲ್ಲ. ಅವನು ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ಮುದಿ ಆರ್ಚಾ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಕೊಂಬೆ ಕೊಂಬೆಗೂ ಚಿಂದಿ, ಮಗುವಿನ ಕಾಲುಚೀಲ, ಒಂದು ಊರುಗೋಲು, ಹೆಣೆದ ತೊಗಲಿನ ಒಂದು ಚಾಟಿ.

"ಒಳ್ಳೆ ಗುಜರಿ ಅಂಗಡಿ ಇಟ್ಟಿದೀರಿ ಆಪಾ. ಹಲ್ಲುನೋವೂ ನೇತುಹಾಕ್ತಾರಾ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮತ್ತೆ."

"ನಗು, ನಗು. ನಿನಗಿಂತ ದೊಡ್ಡ ಡಾಕ್ಟರು ಇಲ್ಲಿ ಮಂಡಿ ಹಿಡ್ಕೊಂಡು ತೆವಳ್ತಾ ಬಂದಿದಾರೆ."

ಹಿಂದಿನ ಕುದುರೆಯ ಮೇಲಿದ್ದ ಅವನ ಹೆಂಡತಿ ಅಸಿಲ್‌ಕಾನ್ ನಗಲಿಲ್ಲ. "ಮುಟ್ಟಲ್ಲ ಅಂತ ಒಂದು ಮಾತು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ ರೀ?"

ಆ ಮಾತು ಕೊಡದೆಯೇ ಅವನು ನಗುತ್ತ ಕುದುರೆಯಿಂದ ಇಳಿದ.

ಬಂದದ್ದು ಅವಳಿಗಾಗಿ. ಮೂರು ವರ್ಷದಿಂದ ಅವಳ ಬೆರಳುಗಳು ಮಡಚುತ್ತಿರಲಿಲ್ಲ. ಉಣ್ಣೆಕಂಬಳಿಗೆ ಟಗರುಕೊಂಬಿನ ಚಿತ್ತಾರ ಹೊಲಿಯುವುದರಲ್ಲಿ ಇಡೀ ಕಣಿವೆಗೇ ಎತ್ತಿದ ಕೈಯಾಗಿದ್ದವಳು ಈಗ ಚಹಾದ ಬಟ್ಟಲನ್ನೂ ಎರಡು ಅಂಗೈಗಳ ನಡುವೆ ಒತ್ತಿ ಎತ್ತಬೇಕು. ಪಟ್ಟಣದ ಔಷಧಿಗಳೆಲ್ಲ ಸೋತಿದ್ದವು. ಒಂಬತ್ತು ದಿನದ ಈ ಸ್ನಾನವೊಂದೇ ಅವಳಿಗೆ ಉಳಿದಿದ್ದ ಆಸೆ. ಮೆದೆರನಿಗೆ ನೀರಿನ ಮೇಲೆ ನಂಬಿಕೆಯಿರಲಿಲ್ಲ, ಹೆಂಡತಿಯ ಮೇಲೆ ಜೀವವಿತ್ತು.

ಬುಗ್ಗೆಯ ಮೇಲೆ ಕಲ್ಲು ಪೇರಿಸಿ ಕಟ್ಟಿದ ತಗ್ಗಾದ ಕೋಣೆ. ಕಿಟಕಿಯಿಲ್ಲ. ಹೊರಗೆ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಒಳಗೆ ಕಾಲಿಟ್ಟರೆ ಕತ್ತಲೆ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ, ಗೋಡೆಯಿಂದ ಗೋಡೆಗೆ ಉಸಿರಾಡುವ ಹಬೆ. ಮೂಲೆಯಲ್ಲಿ ನೀರು ಹುಟ್ಟುವ ಬಿಲವನ್ನು ಕಣ್ಣು ಎನ್ನುತ್ತಾರೆ. ಅದರೊಳಗೆ ಕುರಿಮಾಂಸ ಇಳಿಬಿಟ್ಟರೆ ಮೂರು ಬಟ್ಟಲು ಚಹಾ ಮುಗಿಯುವಷ್ಟರಲ್ಲಿ ಎಲುಬು ಬಿಡುತ್ತದೆ. ಅಲ್ಲಿಂದ ತೊರೆಯ ತಣ್ಣೀರು ಬೆರೆತು ಸ್ನಾನದ ಕೊಳಕ್ಕೆ ಇಳಿಯುತ್ತದೆ. ದೇವರು ಒಂದೇ ನೀರಿಗೆ ಎರಡು ಗುಣ ಕೊಟ್ಟಿದ್ದಾನೆ.

ನಾಲ್ಕನೆಯ ದಿನ ಬೆಳಿಗ್ಗೆ ಹಬೆಯೊಳಗಿಂದ ಕೂಗು ಕೇಳಿತು. "ರೀ! ಕಿರುಬೆರಳು! ಬಲಗೈದು!"

ಅಕ್ಕಿಕಾಳಿನಷ್ಟು ಮಡಚಿತ್ತು. ಮೆದೆರ್ ಆ ಬೆರಳನ್ನು ಹಣೆಗೊತ್ತಿಕೊಂಡು ಅತ್ತುಬಿಟ್ಟ. ಆ ಕ್ಷಣವೇ ಅತ್ತೆಗೆ ಸುದ್ದಿ ತಿಳಿಸಬೇಕೆನಿಸಿತು. ಫೋನಿಗೆ ಸಿಗ್ನಲ್ ಸಿಗುವುದು ಕೆಳಗಿನ ದಿಣ್ಣೆಯಲ್ಲಿ. ಬಾಡಿಗೆಯ ಕುದುರೆಯೋ ಹುಲ್ಲು ಬಿಟ್ಟು ಅಲುಗದು, ಅವನ ಚಾಟಿ ಬರುವಾಗಲೇ ಹೊಳೆಯ ಪಾಲಾಗಿತ್ತು. ಮುದುಕಿ ಗುಡಾರದಲ್ಲಿ ಹಾಲು ಕಾಯಿಸುತ್ತಿದ್ದಳು. ಯಾರೂ ನೋಡುತ್ತಿರಲಿಲ್ಲ. ಹೋಗಿ ಬಂದು ಇದ್ದಲ್ಲೇ ನೇತುಹಾಕಿದರಾಯಿತು ಎಂದುಕೊಂಡು ಮೆದೆರ್ ಆರ್ಚಾ ಮರಕ್ಕೆ ಕೈ ಚಾಚಿದ.

ಚಾಟಿಯ ಹಿಡಿ ಬೆಚ್ಚಗಿತ್ತು. ಯಾರೋ ಈಗ ತಾನೆ ಕೈಬಿಟ್ಟಂತೆ.

ಮೊದಲ ಏಟಿಗೇ ಕುದುರೆ ಓಡಿತು. ಎರಡನೆಯದು ಬೇಕಿರಲಿಲ್ಲ. ಮೂರನೆಯದು ಹಿತವಾಗಿತ್ತು. ಆಮೇಲೆ ಲೆಕ್ಕವಿಲ್ಲ. ದಿಣ್ಣೆಯ ಮೇಲೆ ಅವನಿಗೆ ಎಚ್ಚರವಾದಾಗ ಕುದುರೆ ನೆಲಕ್ಕೊರಗಿತ್ತು. ಅದರ ಒಂದು ಕಣ್ಣು ಒಡೆದು ಕೆನ್ನೆಗೆ ಇಳಿದಿತ್ತು. ಪಕ್ಕೆಲುಬಿನ ಮೇಲೆ ಚರ್ಮವಿರಲಿಲ್ಲ. ಸೂಜಿ ಚುಚ್ಚುವ ಮುನ್ನ ಮಕ್ಕಳ ಕ್ಷಮೆ ಕೇಳುತ್ತಿದ್ದ ಮನುಷ್ಯ ಆ ಬಿಸಿ ರಕ್ತದ ನಡುವೆ ನಿಂತು ಲಾಲಿಹಾಡು ಗುನುಗುತ್ತಿದ್ದ. ಆ ಹಾಡು ಅವನಿಗೆ ಗೊತ್ತಿದ್ದದ್ದಲ್ಲ.

ನಡೆದೇ ಮರಳಿದ. ನಡುಮಧ್ಯಾಹ್ನ ಮುದುಕಿಯ ಗುಡಾರಕ್ಕೆ ನುಗ್ಗಿದ.

ನಮ್ಮಲ್ಲಿ ಯಾರ ಮನೆಗೆ ಹೋದರೂ ಚಾಟಿಯನ್ನು ಎರಡಾಗಿ ಮಡಚಿ ಹಿಡಿದೇ ಹೊಸಿಲು ದಾಟಬೇಕು. ಇಳಿಬಿಟ್ಟ ಚಾಟಿಯೊಡನೆ ಬಂದವನು ರಕ್ತಕ್ಕಾಗಿ ಬಂದವನು. ಶಾಯಿರ್ಕುಲ್ ಅವನ ಮುಖ ನೋಡಲಿಲ್ಲ. ನೆಲಕ್ಕೆಳೆಯುತ್ತಿದ್ದ ತೊಗಲನ್ನು ನೋಡಿದಳು. ಹಾಲಿನ ಸೌಟು ಕೈಯಿಂದ ಜಾರಿತು.

"ಮಡಚು," ಎಂದಳು ಮೆಲ್ಲಗೆ. "ಮಡಚು ಬಾಲಂ. ಮಡಚಿ ಒಳಗೆ ಬಾ."

ಅವನು ಮಡಚಲು ನೋಡಿದ. ಮೆತ್ತನೆಯ ತೊಗಲು ಕಬ್ಬಿಣದ ಸಲಾಕೆಯಂತೆ ಸೆಟೆದು ನಿಂತಿತು.

"ಆಗ್ತಾ ಇಲ್ಲ ಆಪಾ."

"ಹಾಗಾದ್ರೆ ಬಿಸಾಕು!"

"ಬೆರಳು ಬಿಡ್ತಾ ಇಲ್ಲ. ಆಪಾ, ಏನಿದು? ಯಾರದಿದು?"

"ಅದು ಕಾಯಿಲೆ ಅಲ್ಲಪ್ಪಾ, ಸಿಟ್ಟು. ಹೆಂಡತೀನ, ಇಬ್ಬರು ತಮ್ಮಂದಿರನ್ನ ಒಬ್ಬ ಅದರಲ್ಲೇ ಹೊಡೆದು ಕೊಂದ. ಕರೀ ಟಗರಿನ ರಕ್ತ ಸುರಿದು, ಏಳು ದಿನ ಮಂತ್ರ ಹಾಕಿ, ಅವನ ಸಿಟ್ಟನ್ನ ನಾನೇ ಅದಕ್ಕಿಳಿಸಿದೆ. ಸುಟ್ಟರೆ ಹೊಗೆ ಕುಡಿದೋರಿಗೆ ಬರುತ್ತೆ, ಹೂತರೆ ಹುಲ್ಲು ಮೇಯೋ ಕುರಿಗೆ ಬರುತ್ತೆ. ಅದಕ್ಕೇ ನೇತುಹಾಕಿ ಕಾಯ್ತಾ ಕೂತಿದೀನಿ."

"ಅವನೆಲ್ಲಿ?"

"ನನ್ನ ಮಗ ಅವನು. ಮಗು ಥರ ಅಳ್ತಾ ಬೆಟ್ಟ ಇಳಿದ. ಆಮೇಲೆ ಕಾಣಲಿಲ್ಲ."

ಮೆದೆರನ ಕೈ ಮೇಲೆದ್ದಿತು. ಎತ್ತಿದವನು ಅವನಲ್ಲ. ಏಟು ಮುದುಕಿಯ ತಲೆಬಟ್ಟೆ ಹರಿದು ಕಿವಿಯನ್ನು ಸೀಳಿತು. ಅವಳು ಕುದಿಯುವ ಹಾಲಿನ ಪಕ್ಕಕ್ಕೆ ಬಿದ್ದಳು. ಅವನು ತಿರುಗಿದ. ಕಾಲುಗಳು ಕಲ್ಲಿನ ಕೋಣೆಯ ದಾರಿ ಹಿಡಿದವು. ಬೇಡ, ಬೇಡ ಎಂದು ಅವನ ಬಾಯಿ ಗೊಣಗುತ್ತಲೇ ಇತ್ತು. ಕಾಲು ಕೇಳಲಿಲ್ಲ.

ಕತ್ತಲೆ. ಹಬೆ. ನೀರು ತೊಟ್ಟಿಕ್ಕುವ ಸದ್ದು.

"ಬಂದ್ರಾ? ಅಮ್ಮ ಏನಂದ್ಲು ರೀ?" ಕೊಳದೊಳಗಿಂದ ಅಸಿಲ್‌ಕಾನಳ ದನಿ. "ಅತ್ತಿರಬೇಕು ಅಲ್ವಾ? ಯಾಕೆ ಸುಮ್ಮನಿದೀರಿ? ಕುದುರೆ ಕೆಡವಿತಾ?"

ಚಾಟಿ ಬುಸುಗುಟ್ಟಿತು. ಭುಜ. ಕೂಗು. ಮತ್ತೆ ಚಾಟಿ. ಕೆನ್ನೆ ತೆರೆಯಿತು. ಅವಳು ನೀರಿಗೆ ಮುಳುಗಿದಳು. ಎದ್ದಳು. ಮತ್ತೆ ಏಟು. ಗಂಧಕದ ಮೇಲೆ ರಕ್ತದ ವಾಸನೆ ಏರಿತು. ಅವಳು ಮಡಚದ ಬೆರಳುಗಳ ಎರಡೂ ಅಂಗೈಯನ್ನು ಮುಖದ ಮುಂದೆ ಜೋಡಿಸಿದಳು, ಬಟ್ಟಲು ಎತ್ತುವಂತೆ.

"ನಾನು ರೀ. ನಾನು."

ಒಂದು ಉಸಿರಿನಷ್ಟು ಹೊತ್ತು ಅವನು ಅವನಾದ. ಅಷ್ಟೇ ಸಿಕ್ಕಿತು. ಅಷ್ಟರಲ್ಲೇ ಮೂಲೆಗೆ ಧುಮುಕಿದ. ಚಾಟಿ ಹಿಡಿದ ಬಲಗೈಯನ್ನು ಮೊಣಕೈವರೆಗೆ ಬುಗ್ಗೆಯ ಕುದಿಯುವ ಕಣ್ಣಿನೊಳಗಿಳಿಸಿದ.

ಚೀರಾಟಕ್ಕೆ ಕಲ್ಲು ನಡುಗಿತು. ಅವನು ಕೈ ತೆಗೆಯಲಿಲ್ಲ. ಚರ್ಮ ಸುಲಿಯಿತು. ಉಗುರು ಬಿಟ್ಟಿತು. ಕೊನೆಗೆ ಬೆರಳುಗಳು ಹಿಡಿಯನ್ನು ಬಿಟ್ಟವು. ಮಾಂಸವಾಗಿ ಬೆಂದ ಕೈ ಮೇಲೆ ಬಂದಾಗ ಅದರೊಡನೆ ಚಾಟಿಯೂ ಹಾರಿ ಬಂದು ಕಲ್ಲಿನ ಮೇಲೆ ಬಿತ್ತು. ಮೆದೆರ್ ಕುಸಿದ.

ಆಗ ಅವನ ಎಡಗೈ ತೆವಳತೊಡಗಿತು. ತಾನಾಗಿಯೇ. ಚಾಟಿಯ ಕಡೆಗೆ.

"ತೆಗೀ ಅದನ್ನ," ಎಂದು ಅವನು ಬಿಕ್ಕಿದ. "ನನ್ನಿಂದ ದೂರ ಮಾಡು!"

ಬಾಗಿಲಲ್ಲಿ ರಕ್ತಮಯವಾದ ಶಾಯಿರ್ಕುಲ್ ಗೋಡೆ ಹಿಡಿದು ನಿಂತಿದ್ದಳು. "ಮುಟ್ಟಬೇಡ ಮಗಳೇ! ಕಾಲಲ್ಲಿ ಒದಿ!"

ಅಸಿಲ್‌ಕಾನ್ ಕೊಳದಿಂದ ಹೊರಬಿದ್ದಳು. ಒದೆಯಲು ಎದ್ದು ನಿಲ್ಲುವಷ್ಟು ಹೊತ್ತಿರಲಿಲ್ಲ. ಗಂಡನ ಬೆರಳ ತುದಿ ಆಗಲೇ ಹಿಡಿಯನ್ನು ಸೋಕಿತ್ತು. ಹಿಡಿದರೆ ತಾನೆ ತನ್ನದಾಗುವುದು? ತನ್ನ ಕೈಗೆ ಹಿಡಿತವೇ ಇಲ್ಲವಲ್ಲ. ಎರಡು ಅಂಗೈ ನಡುವೆ ಒತ್ತಿ ಬುಗ್ಗೆಯ ಕಣ್ಣಿಗೆ ಎಸೆದರಾಯಿತು. ಹಾಗೆಂದುಕೊಂಡೇ ಎತ್ತಿದಳು.

ಕಿರುಬೆರಳು ಮಡಚಿತು. ಅದರ ಪಕ್ಕದ್ದು. ನಡುಬೆರಳು. ತೋರುಬೆರಳು. ಮೂರು ವರ್ಷ ಕಾದಿದ್ದ ಹೆಬ್ಬೆರಳು ಮೆಲ್ಲಗೆ ಬಾಗಿ ಎಲ್ಲದರ ಮೇಲೆ ಮಲಗಿತು.

"ರೀ," ಎಂದಳು ಅಚ್ಚರಿಯಿಂದ. ಹರಿದ ಕೆನ್ನೆಯ ಮೇಲೆ ಹೊಸ ಮದುಮಗಳ ನಗು. "ನೋಡಿ ರೀ. ಮಡಚ್ತಾ ಇದೆ."

ಆ ಸಂಕಟದಲ್ಲೂ ಮೆದೆರನಿಗೆ ಕ್ಷಣಕಾಲ ಸಂತೋಷವಾಯಿತು. ಆಮೇಲೆ ಅವಳು ಅದೇ ಲಾಲಿಹಾಡನ್ನು ಗುನುಗುವುದು ಕೇಳಿಸಿತು.

ಶಾಯಿರ್ಕುಲ್ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಅಗಳಿ ಜಡಿದಳು. ಅದಕ್ಕೆ ಬೆನ್ನು ಕೊಟ್ಟು ಕುಳಿತು, ಎರಡೂ ಅಂಗೈ ಬಿಸಿಲಿಗೆ ಬಿಡಿಸಿ, ಒಳಗಿದ್ದ ಇಬ್ಬರಿಗೂ ಸೇರಿಸಿ ಪ್ರಾರ್ಥನೆ ಹೇಳತೊಡಗಿದಳು. ಪ್ರಾರ್ಥನೆ ಮುಗಿಯಿತು. ಮೊದಲಿನಿಂದ ಹೇಳಿದಳು. ಏಟಿನ ಸದ್ದು ನಿಂತಿರಲಿಲ್ಲ.